ಪ್ರಬಂಧ ಬೇಡ, ಮಾದರಿ ತನ್ನಿ

ಮೆಕ್ಕೆಜೋಳದ ತೆನೆಯಿಂದ ಕಾಳು ಬಿಡಿಸುವುದು ಹೆಬ್ಬೆರಳಿನ ಕೆಲಸ. ನಾಲ್ಕು ತೆನೆ ಮುಗಿಯುವಷ್ಟರಲ್ಲಿ ಬೆರಳ ತುದಿ ಉರಿಯತೊಡಗುತ್ತದೆ; ಚೀಲಗಟ್ಟಲೆ ಬಿಡಿಸಬೇಕಾದ ಹೆಂಗಸರ ಕೈಯಲ್ಲಿ ಬೊಬ್ಬೆ ಏಳುತ್ತದೆ. ಇದಕ್ಕೊಂದು ಪುಟ್ಟ ಸಾಧನವಿದೆ. ತಗಡಿನ ತುಂಡೊಂದನ್ನು ಕತ್ತರಿಸಿ, ಒಳಮೈಯಲ್ಲಿ ಏಣುಗಳು ಬರುವ ಹಾಗೆ ಮಡಿಸಿ, ಶಂಕುವಿನ ಆಕಾರಕ್ಕೆ ಸುತ್ತಿ ರಿವೆಟ್ ಹೊಡೆದರೆ ಆಯಿತು. ಅದರೊಳಗೆ ತೆನೆ ತೂರಿಸಿ ತಿರುಚಿದರೆ ಕಾಳು ಉದುರುತ್ತದೆ. ಮೋಟರಿಲ್ಲ, ಕರೆಂಟಿಲ್ಲ, ದೂರದ ಪೇಟೆಯಿಂದ ತರಿಸಬೇಕಾದ ಬಿಡಿಭಾಗವೂ ಇಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ರೈತರು, ಗಾರೆಯವರು, ವೆಲ್ಡರ್‌ಗಳು, ವೈದ್ಯರು, ಪಾದ್ರಿಗಳು ಒಂದೇ ಮೇಜಿನ ಸುತ್ತ ನಿಂತು ಇಂಥದ್ದನ್ನು ಮಾಡಿ ಕಲಿತ ಬೇಸಿಗೆ ಶಾಲೆಯೊಂದರ ಪರಿಚಯ ಇದು.

ಅದರ ಹೆಸರು ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಡಿಸೈನ್ ಸಮಿಟ್. ಬಲ್ಲವರ ಬಾಯಲ್ಲಿ ಐಡಿಡಿಎಸ್. ಮೊದಲ ಸಲ ನಡೆದದ್ದು 2007ರ ಬೇಸಿಗೆಯಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ. ಇದರ ಹಿಂದಿದ್ದವರು ಏಮಿ ಸ್ಮಿತ್. ಬಾಲ್ಯದಲ್ಲಿ ಸ್ವಲ್ಪ ಕಾಲ ಭಾರತದಲ್ಲಿದ್ದವರು, ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೀಸ್ ಕೋರ್ ಸ್ವಯಂಸೇವಕಿಯಾಗಿ ಬೋಟ್ಸ್ವಾನಾಕ್ಕೆ ಹೋದವರು. ಆಫ್ರಿಕಾದ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಯ ಜರಡಿ ಹರಿದರೆ ಗಿರಣಿಯೇ ನಿಲ್ಲುತ್ತದೆ, ಹೊಸ ಜರಡಿ ಊರಲ್ಲಿ ಮಾಡಲು ಬರುವುದಿಲ್ಲ. ಅದಕ್ಕಾಗಿ ಅವರು ರೂಪಿಸಿದ ಗಿರಣಿಯಲ್ಲಿ ಜರಡಿಯೇ ಇಲ್ಲ. ನುಣ್ಣನೆ ಹಿಟ್ಟನ್ನು ಗಾಳಿಯ ಹರಿವೇ ಬೇರ್ಪಡಿಸುತ್ತದೆ. 2000ದಲ್ಲಿ ಲೆಮೆಲ್ಸನ್-ಎಂಐಟಿ ವಿದ್ಯಾರ್ಥಿ ಪುರಸ್ಕಾರ ಪಡೆದ ಮೊದಲ ಮಹಿಳೆ ಅವರು. 2004ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಅದಕ್ಕೂ ಮೊದಲೇ ಎಂಐಟಿಯಲ್ಲಿ ಡಿ-ಲ್ಯಾಬ್ ಎಂಬ ತರಗತಿ ಶುರು ಮಾಡಿದ್ದರು.

ಅಂತರರಾಷ್ಟ್ರೀಯ ಸಮ್ಮೇಳನ ಎಂದರೆ ಪ್ರಬಂಧ ಓದು, ಚಹಾ, ಗ್ರೂಪ್ ಫೋಟೊ, ಪ್ರಮಾಣಪತ್ರ. ಐಡಿಡಿಎಸ್ ಆ ಪದ್ಧತಿಯನ್ನೇ ಕೈಬಿಟ್ಟಿತು. ಇಲ್ಲಿ ಕೊನೆಗೆ ಕೊಡಬೇಕಾದದ್ದು ಕೆಲಸ ಮಾಡುವ ಮಾದರಿ. ಐದಾರು ಮಂದಿಯ ತಂಡ, ಕೆಲವೇ ವಾರಗಳ ಗಡುವು, ಯಾವುದಾದರೂ ಒಂದು ನಿಜವಾದ ತೊಂದರೆ, ಅದಕ್ಕೊಂದು ಕೈಯಲ್ಲಿ ಹಿಡಿಯಬಹುದಾದ ಉತ್ತರ. ತಂಡ ಕಟ್ಟುವಾಗ ಒಂದೇ ದೇಶದವರು, ಒಂದೇ ಓದಿನವರು ಒಟ್ಟಿಗೆ ಸೇರದಂತೆ ನೋಡಿಕೊಳ್ಳುತ್ತಿದ್ದರು. ಪಿಎಚ್‌.ಡಿ. ವಿದ್ಯಾರ್ಥಿಯ ಪಕ್ಕದಲ್ಲಿ ಶಾಲೆ ಬಿಟ್ಟ ಮೆಕ್ಯಾನಿಕ್, ಅವನ ಪಕ್ಕದಲ್ಲಿ ಶಿಕ್ಷಕಿ.

ವಿದ್ಯಾರ್ಥಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ನಾಲ್ಕು ವರ್ಷ ಸಮೀಕರಣ ಬಿಡಿಸಿ ಬಂದವನಿಗೆ ತಗಡು ಕತ್ತರಿ ಹಿಡಿಯಲು ಬರುವುದಿಲ್ಲ. ಗೀಚಿದ ಗೆರೆ ಒಂದು ಕಡೆ, ಕತ್ತರಿ ಹೋದದ್ದು ಇನ್ನೊಂದು ಕಡೆ. ಪಕ್ಕದಲ್ಲಿರುವ ಮೆಕ್ಯಾನಿಕ್ ಮಾತಿಲ್ಲದೆ ಕತ್ತರಿ ಇಸಿದುಕೊಂಡು ಒಂದೇ ಓಟದಲ್ಲಿ ಮುಗಿಸುತ್ತಾನೆ. ಮಧ್ಯಾಹ್ನ ಲೆಕ್ಕದ ಸರದಿ ಬಂದಾಗ, ಎಷ್ಟು ಬಲಕ್ಕೆ ಎಷ್ಟು ದಪ್ಪದ ಸರಳು ಬೇಕು ಎಂದು ಹೇಳಬಲ್ಲವನು ವಿದ್ಯಾರ್ಥಿ. ಇಬ್ಬರಿಗೂ ಸಾಮಾನ್ಯ ಭಾಷೆ ಇಲ್ಲದಿದ್ದರೂ ಕಾಗದದ ಮೇಲಿನ ಚಿತ್ರ, ರಟ್ಟು ಕತ್ತರಿಸಿ ಅಂಟಿಸಿದ ಮಾದರಿ ಮಾತಾಡುತ್ತವೆ. ಮೊದಲ ದಿನಗಳಲ್ಲೇ ಕೈಕೆಲಸ ಇಟ್ಟಿದ್ದರ ಹಿಂದೆ ಇದೇ ಜಾಣತನವಿದೆ ಎಂದು ನನಗನ್ನಿಸುತ್ತದೆ. ಮಾತಿನಿಂದ ಶುರುವಾದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವನೇ ತಂಡದ ಯಜಮಾನನಾಗುತ್ತಾನೆ. ಕೈಯಿಂದ ಶುರುವಾದರೆ ಯಜಮಾನಿಕೆ ಗಂಟೆಗೊಮ್ಮೆ ಬದಲಾಗುತ್ತದೆ.

ಇಲ್ಲಿ ಮಾಡಿ ಕಲಿಸುತ್ತಿದ್ದ ಇನ್ನೊಂದು ವಸ್ತು ಇದ್ದಿಲು. ಅದರ ಕಥೆ ಹೈಟಿ ದ್ವೀಪದೇಶದ್ದು. ಅಲ್ಲಿ ಅಡುಗೆಗೆ ಮರದ ಇದ್ದಿಲೇ ಆಧಾರ, ಕಾಡು ಬಹುಪಾಲು ಬರಿದಾಗಿದೆ. ಏಮಿ ಸ್ಮಿತ್ ಮತ್ತು ವಿದ್ಯಾರ್ಥಿಗಳ ಕಣ್ಣು ಬಿದ್ದದ್ದು ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯ ಮೇಲೆ. ಹಳೆಯ ಎಣ್ಣೆ ಡ್ರಮ್ಮಿನಲ್ಲಿ ಸಿಪ್ಪೆ ತುಂಬಿ ಬೆಂಕಿ ಕೊಟ್ಟು, ಚೆನ್ನಾಗಿ ಹತ್ತಿಕೊಂಡ ಮೇಲೆ ಗಾಳಿ ಆಡದಂತೆ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಅದು ಬೂದಿಯಾಗದೆ ಕರಿಯಾಗುತ್ತದೆ. ಆದರೆ ಪುಡಿ ಪುಡಿ; ಒಲೆಗೆ ಹಾಕಲು ಉಂಡೆಯಾಗಬೇಕು. ಅಂಟಿಗೆ ಮರಗೆಣಸಿನ ಗಂಜಿ ಸಾಕಾಯಿತು, ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಇದ್ದಿಲ ಬಿಲ್ಲೆ ಸಿದ್ಧ. ಅದೇ ವಿಧಾನ ಭಾರತಕ್ಕೆ ಬಂದಾಗ ಕಬ್ಬಿನ ಸಿಪ್ಪೆಯ ಜಾಗಕ್ಕೆ ಗೋಧಿ ಹುಲ್ಲು, ಗಂಜಿಯ ಜಾಗಕ್ಕೆ ಸಗಣಿ ಬಂತು. ಬೆರಣಿ ತಟ್ಟಿ ಬೆಳೆದ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೆಕ್ಕೆಜೋಳ ಬೆಳೆಯುವ ಕಡೆ ಕೆಲಸ ಇನ್ನೂ ಹಗುರವಾಯಿತು. ಕಾಳು ಬಿಡಿಸಿದ ದಿಂಡು ಮೊದಲೇ ಗಟ್ಟಿಯಾಗಿರುವುದರಿಂದ ಅದಕ್ಕೆ ಅಂಟೂ ಬೇಡ, ಅಚ್ಚೂ ಬೇಡ. ಪ್ರತಿ ಊರೂ ತನ್ನಲ್ಲಿ ಇದ್ದದ್ದನ್ನು ಹಾಕಿ ವಿಧಾನವನ್ನು ತಿದ್ದಿತು. ಮೈಯೆಲ್ಲ ಮಸಿ ಬಳಿದುಕೊಂಡು ಡ್ರಮ್ ಮುಚ್ಚುವ ವಿದ್ಯಾರ್ಥಿಗೆ ಉಷ್ಣಗತಿವಿಜ್ಞಾನದ ಅಧ್ಯಾಯ ಅಂದು ಅರ್ಥವಾಗುವಷ್ಟು ಪರೀಕ್ಷೆಯ ಹಿಂದಿನ ರಾತ್ರಿ ಅರ್ಥವಾಗಿರುವುದಿಲ್ಲ.

ಎರಡು ಬೇಸಿಗೆ ಎಂಐಟಿಯಲ್ಲೇ ನಡೆದ ಶಾಲೆ 2009ರಲ್ಲಿ ಘಾನಾ ದೇಶದ ಕುಮಾಸಿಗೆ ಹೋಯಿತು. ಆಮೇಲೆ ಕೊಲರಾಡೊ, ಮತ್ತೆ ಘಾನಾ, ಬ್ರೆಜಿಲ್, ಜಾಂಬಿಯಾ, ತಾಂಜಾನಿಯಾ. ನಮ್ಮ ಅಹಮದಾಬಾದಿನಲ್ಲಿ ಆರೋಗ್ಯಕ್ಕೇ ಮೀಸಲಾದ ‘ಆರೋಗ್ಯಂ’ ಹೆಸರಿನ ಆವೃತ್ತಿಯೂ ನಡೆಯಿತು. ಊರು ಬದಲಾದದ್ದು ದೊಡ್ಡ ಸಂಗತಿ. ಎಂಐಟಿಯ ವರ್ಕ್‌ಶಾಪಿನಲ್ಲಿ ಕೂತು ಘಾನಾದ ರೈತ ಮಹಿಳೆಯ ತೊಂದರೆ ಊಹಿಸುವುದಕ್ಕೂ ಅವಳ ಅಂಗಳದಲ್ಲೇ ಅರ್ಧ ಮುಗಿದ ಮಾದರಿ ಇಟ್ಟು ಅವಳ ಮುಖ ನೋಡುವುದಕ್ಕೂ ಬಹಳ ಅಂತರವಿದೆ. ತಂಡಗಳು ಹಳ್ಳಿಗೆ ಹೋಗಿ ಕೇಳಿಬಂದು ಮಾದರಿ ಮಾಡಿ ಮತ್ತೆ ಅದೇ ಹಳ್ಳಿಗೆ ಹೋಗಬೇಕಿತ್ತು. ಎರಡನೆಯ ಭೇಟಿಯೇ ಕಠಿಣ. ‘ಚೆನ್ನಾಗಿದೆ’ ಎಂದು ನಕ್ಕು ಪಕ್ಕಕ್ಕಿಡುವ ಅಜ್ಜಿಯ ಮೌನವನ್ನು ಓದಲು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ.

ಐಡಿಡಿಎಸ್‌ಗೆ ಬಂದುಹೋದವರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವವರು ತಾಂಜಾನಿಯಾದ ಅರುಷಾ ಪಟ್ಟಣದ ಬರ್ನಾರ್ಡ್ ಕಿವಿಯಾ. ಸೈಕಲ್ ಮೆಕ್ಯಾನಿಕ್. ಸೈಕಲ್ ಬಿಡಿಭಾಗಗಳಿಂದಲೇ ನೀರೆತ್ತುವ ಪಂಪು, ಮೊಬೈಲ್ ಚಾರ್ಜರ್ ಮಾಡಿದರು. ಆಮೇಲೆ ತಮ್ಮ ಊರಿನಲ್ಲೇ ಬೇರೆಯವರಿಗೂ ಉಪಕರಣ ಮಾಡಲು ಕಲಿಸುವ ಕೇಂದ್ರ ಕಟ್ಟಿದರು. ಸಮಿಟ್‌ಗೆ ಬಂದ ಅಮೆರಿಕದ ವಿದ್ಯಾರ್ಥಿ ಒಂದು ಅನುಭವ ಹೊತ್ತು ಮನೆಗೆ ಹೋಗುತ್ತಾನೆ. ಕಿವಿಯಾರಂಥವರು ಹೋದ ಕಡೆ ಕೆಲಸವೇ ಮುಂದುವರಿಯುತ್ತದೆ.

ಕೊರತೆಯನ್ನೂ ಹೇಳಬೇಕು. ಕೆಲವೇ ವಾರಗಳಲ್ಲಿ ಹುಟ್ಟಿದ ಮಾದರಿಗಳಲ್ಲಿ ಬಹುಪಾಲು ಅಲ್ಲಿಗೇ ನಿಲ್ಲುತ್ತವೆ. ವಿಮಾನ ಹತ್ತಿದ ಮೇಲೆ ತಂಡ ಚದುರುತ್ತದೆ. ಮಾದರಿಯಿಂದ ಮಾರುಕಟ್ಟೆಯವರೆಗಿನ ದಾರಿ ಬೇಸಿಗೆ ರಜೆಯಲ್ಲಿ ಮುಗಿಯುವಂಥದ್ದಲ್ಲ. ಸಂಘಟಕರಿಗೆ ಇದು ಗೊತ್ತಿತ್ತು. ಬೇಸಿಗೆ ಮುಗಿದ ಮೇಲೂ ಬೆನ್ನಿಗೆ ನಿಲ್ಲಲು 2012ರಲ್ಲಿ ಐಡಿನ್ ಎಂಬ ಜಾಲ ಕಟ್ಟಿ, ಊರೂರಲ್ಲಿ ವರ್ಕ್‌ಶಾಪು, ಸಣ್ಣ ಧನಸಹಾಯ ಕೊಡತೊಡಗಿದರು.

ಆ ಉದ್ದದ ದಾರಿ ಎಂಥದ್ದು ಎಂದು ತಿಳಿಯಲು ಅಮೆರಿಕದ ಇನ್ನೊಂದು ತರಗತಿಯ ಕಥೆ ನೋಡಬೇಕು. ಅದು ಬೆಂಗಳೂರಿಗೆ ಬಂದು ಸೇರಿದ್ದರಿಂದ ನಮಗೆ ಹತ್ತಿರದ್ದೂ ಹೌದು. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಎಂಬ ನಾಲ್ವರಿಗೆ ಸಿಕ್ಕ ಕೆಲಸ: ಇನ್‌ಕ್ಯುಬೇಟರಿನ ಬೆಲೆಯ ನೂರರಲ್ಲೊಂದು ಭಾಗಕ್ಕೆ ಶಿಶುವನ್ನು ಬೆಚ್ಚಗಿಡುವ ಸಾಧನ. ಲಿಯಾಂಗ್ ನೇಪಾಳಕ್ಕೆ ಹೋದರು. ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಖಾಲಿ ಬಿದ್ದಿದ್ದವು. ತಿಂಗಳು ತುಂಬದೆ ಹುಟ್ಟಿದ ಶಿಶುಗಳು ಅಲ್ಲಿಗೆ ಬಂದು ಮುಟ್ಟುವುದೇ ಇಲ್ಲ, ಹುಟ್ಟುವುದು ಬೆಟ್ಟದ ಹಳ್ಳಿಗಳಲ್ಲಿ. ಹಾಗಾದರೆ ಅಗ್ಗದ ಇನ್‌ಕ್ಯುಬೇಟರಿನಿಂದ ಉಪಯೋಗವೇನು? ತಂಡ ತನ್ನ ಪ್ರಶ್ನೆಯನ್ನೇ ಬದಲಿಸಿತು. ಕೊನೆಗೆ ಹುಟ್ಟಿದ್ದು ಎಂಬ್ರೇಸ್ ಎಂಬ ಪುಟ್ಟ ಮಲಗುಚೀಲ. ಒಳಗಿನ ಮೇಣದಂಥ ವಸ್ತುವನ್ನು ಕಾಯಿಸಿ ಇಟ್ಟರೆ ಅದು ನಿಧಾನವಾಗಿ ಹೆಪ್ಪುಗಟ್ಟುತ್ತ ಗಂಟೆಗಟ್ಟಲೆ 37 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಉಳಿಸಿಕೊಳ್ಳುತ್ತದೆ.

ಕೋರ್ಸ್ ಮುಗಿದ ಮೇಲೆ ತಂಡ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆಯೂರಿ ವರ್ಷಗಟ್ಟಲೆ ತಿದ್ದಿತು. ಒಂದು ತಿದ್ದುಪಡಿಯನ್ನು ತಂಡದವರೇ ಹೇಳಿಕೊಂಡಿದ್ದಾರೆ. ಮಹಾರಾಷ್ಟ್ರದ ತಾಯಿಯೊಬ್ಬರು, ಡಾಕ್ಟರ ಔಷಧಿ ಮಗುವಿಗೆ ಜೋರಾಗುತ್ತದೆಂದು ತಾವು ಅರ್ಧವೇ ಕೊಡುವುದಾಗಿಯೂ, 37 ಎಂದು ಹೇಳಿದರೆ 30ಕ್ಕೇ ನಿಲ್ಲಿಸುವುದಾಗಿಯೂ ತಿಳಿಸಿದರಂತೆ. ಅಷ್ಟೇ, ಸಾಧನದ ಮೇಲಿದ್ದ ಬಿಸಿಯ ಅಂಕಿಗಳ ಪಟ್ಟಿ ಹೋಯಿತು. ಬಿಸಿ ಸರಿಯಿದೆ ಅಥವಾ ಇಲ್ಲ ಎಂದಷ್ಟೇ ತೋರುವ ಗುರುತು ಬಂತು. ಆ ತಾಯಿ ಹೇಳಿದ್ದು ಅಜ್ಞಾನವಲ್ಲ, ಮಗುವಿನ ಮೇಲಿನ ಕಾಳಜಿ. ಅದನ್ನು ಹಾಗೆ ಕೇಳಿಸಿಕೊಂಡದ್ದೇ ಆ ತಂಡದ ನಿಜವಾದ ವಿದ್ಯೆ. 2011ರಲ್ಲಿ ಸಾಧನ ಬಳಕೆಗೆ ಬಂತು. ತರಗತಿಯ ವಿಷಯವಾಗಿ ಶುರುವಾದದ್ದು ಮಗುವಿನ ಮೈ ಮುಟ್ಟಲು ನಾಲ್ಕು ವರ್ಷ ಹಿಡಿಯಿತು.

ಬೇರೆ ದೇಶದ ಶಾಲೆಗಳನ್ನು ಇಷ್ಟು ಹೊಗಳುವಾಗ ಕುಣಿಗಲ್ ತಾಲ್ಲೂಕನ್ನು ಮರೆಯಬಾರದು. ಐಡಿಡಿಎಸ್ ಹುಟ್ಟುವುದಕ್ಕೆ 33 ವರ್ಷ ಮೊದಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರ ನೆಲೆಗೊಂಡಿತು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸಿದ ಅಸ್ತ್ರ ಒಲೆಯನ್ನು ನಮ್ಮ ಹಿರಿಯರು ಅಡುಗೆಮನೆಯಲ್ಲಿ ಬಳಸಿದ್ದಾರೆ. ಅದಕ್ಕಿಂತ ದೊಡ್ಡ ಪಾಠ ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯದು. ಊರ ಸಗಣಿಯೆಲ್ಲ ಒಂದೆಡೆ ಸೇರಿಸಿ ಅಡುಗೆಗೆ ಗ್ಯಾಸ್ ಕೊಡುವುದು ವಿಜ್ಞಾನಿಗಳ ಯೋಜನೆ. ಆದರೆ ಎಲ್ಲರ ಅಡುಗೆಗೆ ಆಗುವಷ್ಟು ಸಗಣಿ ಇರಲಿಲ್ಲ, ಜನರಿಗೆ ಅದಕ್ಕಿಂತ ತುರ್ತಾಗಿ ಬೇಕಾದದ್ದು ಕುಡಿಯುವ ನೀರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ಊರಿಗೆ ಹಾಯಿಸಿದರು, ದೀಪ ಹಚ್ಚಿದರು. ಸಗಣಿ ತಂದು ಕೊಟ್ಟವರಿಗೆ ಗೊಬ್ಬರ ವಾಪಸ್ಸು. ಹಳ್ಳಿಯವರು ತಮಗೆ ಬೇಕಾದದ್ದನ್ನು ಹೇಳಿದ ಮೇಲೆಯೇ ಯಂತ್ರ ಅವರದಾಯಿತು. ಸ್ಟ್ಯಾನ್‌ಫರ್ಡಿನ ತಂಡ ನೇಪಾಳದಲ್ಲಿ ಕಂಡುಕೊಂಡದ್ದೂ ಇದನ್ನೇ.

ಹೀಗಿರುವಾಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್ ಎಷ್ಟೋ ಕಡೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸರಕಾಗಿರುವುದು ನನಗೆ ನೋವು ಕೊಡುತ್ತದೆ. ಮಕ್ಕಳಲ್ಲಿ ಜಾಣ್ಮೆ ಕಡಿಮೆ ಎಂದಲ್ಲ, ಅವರನ್ನು ತೊಂದರೆಯ ಎದುರು ನಿಲ್ಲಿಸುವವರು ಕಡಿಮೆ. ಅವಕಾಶಗಳಿಲ್ಲ ಎಂದೂ ಅಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ. ವಿಮಾನ ಹತ್ತಿ ಹೋಗುವ ಬೇಸಿಗೆ ಶಾಲೆ ಎಲ್ಲರಿಗೂ ಎಟುಕುವುದಿಲ್ಲ, ಅದು ಬೇಕಾಗಿಯೂ ಇಲ್ಲ.

ಕಾಲೇಜಿನಲ್ಲಿ ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬೇಡಿಕೆ. ಈ ವರ್ಷ ಪ್ರಾಜೆಕ್ಟ್ ತಂಡ ಕಟ್ಟುವಾಗ ನಾಲ್ಕು ವಿದ್ಯಾರ್ಥಿಗಳ ಜೊತೆಗೆ ಐದನೆಯ ಹೆಸರೊಂದನ್ನು ಬರೆಸಿ: ಆ ವಸ್ತುವನ್ನು ನಾಳೆ ಬಳಸಬೇಕಾದ ನೇಕಾರರದ್ದೋ, ಆಶಾ ಕಾರ್ಯಕರ್ತೆಯದ್ದೋ, ಗ್ಯಾರೇಜ್ ಮೆಕ್ಯಾನಿಕ್‌ನದ್ದೋ. ವಿಷಯ ಆರಿಸುವ ದಿನದಿಂದಲೇ ಅವರನ್ನು ಕೂರಿಸಿಕೊಳ್ಳಿ, ಅವರ ಕೂಲಿ ತಪ್ಪಿದರೆ ಕಾಲೇಜಿನಿಂದ ಕೊಡಿಸಿ, ವೈವಾ ದಿನ ಮೊದಲ ಪ್ರಶ್ನೆ ಅವರೇ ಕೇಳಲಿ.