ಮೊಟ್ಟೆಯೊಳಗಿನ ಎಚ್ಚರ

ಮಳೆ ಬಿದ್ದ ರಾತ್ರಿ ಕೆರೆಯಂಗಳದಿಂದ ಕೇಳಿಬರುವ ಕಪ್ಪೆಗಳ ವಟಗುಟ್ಟುವಿಕೆ ನಮಗೆಲ್ಲ ಪರಿಚಿತ. ಈ ಕಪ್ಪೆಗಳಲ್ಲಿ ಹೆಚ್ಚಿನವು ಮೊಟ್ಟೆಯಿಡುವುದು ನೀರಿನಲ್ಲಿ. ಆದರೆ ಮರಗಳಲ್ಲಿ ಬಾಳುವ ಕೆಲವು ಜಾತಿಗಳು ನೀರಿನ ಮೇಲೆ ಬಾಗಿದ ಎಲೆಗಳನ್ನು ಆರಿಸಿಕೊಳ್ಳುತ್ತವೆ. ನಮ್ಮ ಪಶ್ಚಿಮಘಟ್ಟಗಳ ಹಾರುವ ಕಪ್ಪೆಯೂ ಹಾಗೆ ಮಾಡುವುದುಂಟು. ಮೆಕ್ಸಿಕೊದಿಂದ ಕೊಲಂಬಿಯದವರೆಗಿನ ಉಷ್ಣವಲಯದ ಕಾಡುಗಳಲ್ಲಿ ವಾಸಿಸುವ ಕೆಂಗಣ್ಣಿನ ಮರಗಪ್ಪೆ ಇಂಥದೇ ಒಂದು ಜಾತಿ.

ಹಸುರು ಮೈ, ನೀಲಿ-ಹಳದಿ ಪಕ್ಕೆ, ಕಿತ್ತಳೆ ಬಣ್ಣದ ಪಾದ, ಕೆಂಡದಂಥ ಕಣ್ಣು. ನೋಡಲು ಬಲು ಸೊಗಸು. ಗಂಡು ಸುಮಾರು ೫ ಸೆಂಟಿಮೀಟರು ಉದ್ದ, ಹೆಣ್ಣು ೭. ಮಳೆಗಾಲದ ರಾತ್ರಿ ಹೆಣ್ಣುಕಪ್ಪೆ ಹೊಂಡದ ಮೇಲಣ ಎಲೆಗೆ ಹತ್ತಾರು ಮೊಟ್ಟೆಗಳನ್ನು ಲೋಳೆಯಿಂದ ಅಂಟಿಸಿ ಹೋಗುತ್ತದೆ. ಆರೇಳು ದಿನಗಳಲ್ಲಿ ಗೊದಮೊಟ್ಟೆಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ.

ಹೀಗೆ ಮೀನುಗಳ ಬಾಯಿಂದ ಮೊಟ್ಟೆಗಳಿಗೆ ರಕ್ಷಣೆ ದೊರೆಯಿತೆನ್ನೋಣ. ಮರದ ಮೇಲೆಯೂ ಶತ್ರುವುಂಟು. ಹಾವು ಬಂದು ಲೋಳೆಯ ಮುದ್ದೆಗೇ ಬಾಯಿಹಾಕುತ್ತದೆ. ಇನ್ನೂ ಹುಟ್ಟಿರದ ಮರಿಗಳು ಓಡುವುದೆಲ್ಲಿಗೆ? ಕರೆನ್ ವಾರ್ಕೆಂಟಿನ್ ಎಂಬ ಜೀವವಿಜ್ಞಾನಿ ೧೯೯೫ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಹಾವು ಕಚ್ಚಿ ಎಳೆಯತೊಡಗಿದೊಡನೆ, ಐದೇ ದಿನದ ಮರಿಗಳೂ ಅವಧಿಗೆ ಮುನ್ನವೇ ಹೊರಬಿದ್ದು ನೀರಿಗೆ ಉದುರುತ್ತವೆ! ಮೂತಿಯಿಂದ ಒಸರುವ ಕಿಣ್ವವು ಮೊಟ್ಟೆಯ ಪೊರೆಯನ್ನು ಬೇಗನೆ ಕರಗಿಸಿ ದಾರಿಮಾಡಿಕೊಡುತ್ತದೆ.

ಈ ಅವಸರವೂ ನಿರಪಾಯವಲ್ಲ. ಎಳಸಾಗಿ ನೀರು ಸೇರಿದ ಗೊದಮೊಟ್ಟೆ ಮೀನು, ಸೀಗಡಿಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಮಳೆಗೆ ಎಲೆ ಅಲುಗಿದಾಗಲೆಲ್ಲ ಹೊರಬೀಳುತ್ತ ಹೋದರೆ ಉಳಿಯುವವು ಎಷ್ಟು? ಹಾಗಾದರೆ ಮಳೆ ಯಾವುದು, ಹಾವು ಯಾವುದು ಎಂದು ಮರಿ ಅರಿಯುವುದು ಹೇಗೆ?

ಇದನ್ನು ತಿಳಿಯಲು ವಾರ್ಕೆಂಟಿನ್ ಅವರು ಹಾವಿನ ದಾಳಿಯ ಕಂಪನಗಳನ್ನೂ ಮಳೆಯ ಕಂಪನಗಳನ್ನೂ ಮುದ್ರಿಸಿಕೊಂಡು ಮೊಟ್ಟೆಗಳಿಗೆ ‘ಪ್ರಸಾರ’ಮಾಡಿದರು. ಹಾವಿನ ಮುದ್ರಣಕ್ಕೆ ಬಹಳ ಮರಿಗಳು ಹೊರಬಂದವು; ಮಳೆಯದಕ್ಕೆ ಕಡಮೆ. ಮಳೆಹನಿಗಳ ಕಂಪನ ಗಿಡ್ಡ, ಒತ್ತೊತ್ತು. ಹಾವಿನ ಎಳೆತ ದೀರ್ಘ, ನಡುನಡುವೆ ಬಿಡುವು. ಮಳೆಯ ಮುದ್ರಣದಲ್ಲಿ ಬಿಡುವುಗಳನ್ನು ಸೇರಿಸಿ ಕೇಳಿಸಿದಾಗ ಹೊರಬರುವ ಮರಿಗಳ ಸಂಖ್ಯೆ ಏರಿತು. ೨೦೦೫ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ತಿಳಿದುದಿಷ್ಟು: ತಾಳ ಹಾಕುವವರು ಪೆಟ್ಟಿನೊಡನೆ ಬಿಡುವನ್ನೂ ಎಣಿಸುವಂತೆ, ಈ ಮರಿಯೂ ಎರಡನ್ನೂ ಗಮನಿಸುತ್ತದೆ. ಒಳಗಿವಿಯ ಸಮತೋಲದ ಅಂಗ ಬೆಳೆದ ಬಳಿಕವೇ ಅದಕ್ಕೆ ಈ ಎಚ್ಚರ ಬರುತ್ತದೆಂದು ೨೦೧೯ರ ಸಂಶೋಧನೆಯೊಂದು ತೋರಿಸಿತು.

ಹುಟ್ಟುವ ಗಳಿಗೆಯನ್ನು ವಿಧಿ ಗೊತ್ತುಮಾಡುತ್ತದೆಂದು ನಾವು ಹೇಳುತ್ತೇವೆ. ಕುತ್ತು ಬಂದರೆ ಈ ಪುಟ್ಟ ಜೀವಿ ಅದನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ.