ತೆರೆಯ ಮೇಲಿನ ಮಚ್ಚು, ನೋಡುವವರ ಮನಸ್ಸು

ಜಡಿಗೇನಹಳ್ಳಿ, ದಂಡುಪಾಳ್ಯ ಎರಡೂ ಹೊಸಕೋಟೆ ತಾಲ್ಲೂಕಿನ ಊರುಗಳು. ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ಮಾಡುತ್ತಿದ್ದ ತಂಡವೊಂದಕ್ಕೆ ಅಂಟಿಕೊಂಡಿದ್ದ ದಂಡುಪಾಳ್ಯದ ಹೆಸರನ್ನು 2012ರಲ್ಲಿ ಶ್ರೀನಿವಾಸ ರಾಜು ನಿರ್ದೇಶನದ ಚಲನಚಿತ್ರ ನಾಡಿಗೆಲ್ಲ ಹಬ್ಬಿಸಿತು. ಇಂಥ ಚಿತ್ರ ಬಂದಾಗಲೆಲ್ಲ ಹೆತ್ತವರು ಕೇಳುವುದು ಒಂದೇ ಮಾತು: ಇದನ್ನು ನೋಡಿದ ನಮ್ಮ ಹುಡುಗರು ದಾರಿ ತಪ್ಪುತ್ತಾರೆಯೇ?

ಮನೋವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿ ಆರು ದಶಕಗಳೇ ಕಳೆದಿವೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿಯುವುದನ್ನು ಕಂಡ ಮಕ್ಕಳಲ್ಲಿ ಹಲವರು ಆಮೇಲೆ ತಾವೂ ಹಾಗೆಯೇ ಬಡಿದರು. ಅದೇ ದೃಶ್ಯವನ್ನು ಫಿಲ್ಮಿನಲ್ಲಿ ತೋರಿಸಿದಾಗಲೂ ಅನುಕರಣೆ ಕಂಡಿತು. 1965ರ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಆದರೆ ಮಾಡಿ ತೋರಿಸಿದರೆ ಬಹುಮಾನ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಖಳನಿಗೆ ಕೊನೆಗೆ ಶಿಕ್ಷೆಯಾದರೂ, ಅವನು ಮಾಡಿದ್ದು ಮಗುವಿನ ನೆನಪಿನಿಂದ ಅಳಿದುಹೋಗುವುದಿಲ್ಲ.

ಹಾಗೆಂದು ಬೊಂಬೆಗೆ ಹೊಡೆದ ಮಗು ಮನುಷ್ಯರಿಗೂ ಹೊಡೆಯುತ್ತದೆ ಎನ್ನಲಾಗದು. ಆ ಬೊಂಬೆ ಇರುವುದೇ ಗುದ್ದಿ ಆಡಲಿಕ್ಕೆ. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಸುಮಾರು ಸಾವಿರ ಬ್ರಿಟಿಷ್ ಹದಿಹರೆಯದವರನ್ನು ಅಧ್ಯಯನ ಮಾಡಿದಾಗ, ಸಿನಿಮಾದಂತೆ ತೆರೆಯ ಮೇಲೇ ನಡೆಯುವ ಹಿಂಸೆಯ ವಿಡಿಯೊ ಗೇಮ್‌ಗಳಿಗೂ ಅವರ ಆಕ್ರಮಣಶೀಲ ವರ್ತನೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ 2020ರ ನಿಲುವು ಇವೆರಡರ ನಡುವೆ ನಿಂತಿದೆ: ಇಂಥ ಗೇಮ್‌ಗಳಿಗೂ ಕೂಗಾಟ, ತಳ್ಳಾಟದಂಥ ವರ್ತನೆಗೂ ಸಣ್ಣ ಸಂಬಂಧವಿದೆ, ಕೊಲೆ, ಹಲ್ಲೆಗೆ ಅವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಒಬ್ಬ ಹುಡುಗ ಮಚ್ಚು ಹಿಡಿದನೆಂದರೆ ಅವನ ಮನೆ, ಗೆಳೆಯರು, ಕುಡಿತ, ನಿರುದ್ಯೋಗ ಎಲ್ಲವನ್ನೂ ನೋಡಬೇಕು.

ಹಾಗಾದರೆ ತೆರೆಯ ಹಿಂಸೆ ನಿರಪಾಯವೇ? ಅಲ್ಲ. ಅದರ ಇನ್ನೊಂದು ಪರಿಣಾಮದ ಬಗ್ಗೆ ನಾವು ಮಾತಾಡುವುದು ಕಡಿಮೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಗರ್ಬ್ನರ್ 1960ರ ದಶಕದ ಕೊನೆಯಿಂದ ಟಿವಿ ಕಾರ್ಯಕ್ರಮಗಳನ್ನೂ ಆಮೇಲೆ ಅವುಗಳ ವೀಕ್ಷಕರನ್ನೂ ಅಧ್ಯಯನ ಮಾಡಿದರು. ಹೆಚ್ಚು ಹೊತ್ತು ಟಿವಿ ನೋಡುವವರು, ಲೋಕ ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನಂಬುವುದನ್ನೂ ಅಪರಿಚಿತರನ್ನು ಶಂಕಿಸುವುದನ್ನೂ ಅವರು ಗುರುತಿಸಿದರು. ಈ ನಂಟು ದೊಡ್ಡದೇನಲ್ಲ, ಕಾರಣ ಯಾವುದು ಪರಿಣಾಮ ಯಾವುದು ಎಂಬ ಚರ್ಚೆಯೂ ಮುಗಿದಿಲ್ಲ. ಆದರೂ ಕೆಲವರ ಅಪರಾಧ ಇಡೀ ಊರಿನ ಗುರುತಾಗಿಬಿಡುವುದನ್ನು ಕಂಡ ತಾಲ್ಲೂಕಿಗೆ ಈ ಎಚ್ಚರಿಕೆ ಅರ್ಥವಾಗಬೇಕು.

ಭಯ ಎಲ್ಲಿಗೆ ಮುಟ್ಟಬಹುದೆಂದು 2018ರ ಮೇ ತಿಂಗಳಲ್ಲಿ ಬೆಂಗಳೂರೇ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿದ ಗುಂಪೊಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಆ ದಿನಗಳಲ್ಲಿ ಹರಿದಾಡುತ್ತಿದ್ದ ಒಂದು ವಿಡಿಯೊ, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಮರಳಿಸುವ ಅದರ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದರಲ್ಲಿ ಒಂದು ಹನಿ ರಕ್ತವೂ ಇರಲಿಲ್ಲ.

ನಮ್ಮ ಸೆನ್ಸಾರ್ ವ್ಯವಸ್ಥೆಯ ಮಿತಿ ಇಲ್ಲಿ ಕಾಣುತ್ತದೆ. 1952ರ ಚಲನಚಿತ್ರ ಕಾಯ್ದೆಯಡಿ ಸೆನ್ಸಾರ್ ಮಂಡಳಿ ಸಾರ್ವಜನಿಕ ಪ್ರದರ್ಶನದ ಚಿತ್ರಗಳಿಗೆ ಪ್ರಮಾಣಪತ್ರ ಕೊಡುತ್ತದೆ. ಸಿನಿಮಾ ಬೇರೆ ಕಲೆಗಳಿಗಿಂತ ಆಳವಾಗಿ ಮನಸ್ಸು ಕಲಕುತ್ತದೆ ಎಂಬ ಕಾರಣ ನೀಡಿ ಸುಪ್ರೀಂ ಕೋರ್ಟ್ 1970ರಲ್ಲಿ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಈ ಪೂರ್ವಪರಿಶೀಲನೆಯನ್ನು ಎತ್ತಿಹಿಡಿಯಿತು. ಆದರೆ ಈಗ ದೃಶ್ಯಗಳು ಬರುವುದು ಕೈಯಲ್ಲಿರುವ ಫೋನಿಗೆ. ಅಲ್ಲಿಗೆ ಮಂಡಳಿಯ ಕತ್ತರಿ ತಲುಪದು.

ಹಾಗಾಗಿ ಕತ್ತರಿಗಿಂತ ತಿಳಿವಳಿಕೆ ಮುಖ್ಯ ಎಂದು ನಾನು ನಂಬುತ್ತೇನೆ. ಅದೇ ಕಾಯ್ದೆಯ 2023ರ ತಿದ್ದುಪಡಿ ಯು/ಎ ಚಿತ್ರಗಳನ್ನು 7, 13, 16 ವರ್ಷ ಮೇಲ್ಪಟ್ಟವರಿಗೆಂದು ವಿಂಗಡಿಸಿದೆ. ಯಾವ ವಯಸ್ಸಿಗೆ ಯಾವುದು ಎಂದು ಮನೆಯವರು ತೀರ್ಮಾನಿಸಲು ಇದು ಒಳ್ಳೆಯ ನೆರವು. ಅದರ ಜೊತೆಗೆ ಮಕ್ಕಳ ಪಕ್ಕದಲ್ಲಿ ಕೂತು ನೋಡಿ, ಆ ಪೆಟ್ಟು ತಿಂದವನಿಗೆ ಏನಾಯಿತು ಎಂದು ಕೇಳಬೇಕು. ಈ ವಿಡಿಯೊ ಎಲ್ಲಿಯದು, ಯಾವಾಗಿನದು, ಯಾರು ಕಳಿಸಿದರು ಎಂದು ವಿಚಾರಿಸುವುದನ್ನು ಜಡಿಗೇನಹಳ್ಳಿಯ ಶಾಲೆಯಲ್ಲೂ ಬೆಂಗಳೂರಿನ ಶಾಲೆಯಲ್ಲೂ ಪಾಠದಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಪ್ರಶ್ನೆ ಕೇಳಲು ಕಲಿತ ಮಗುವನ್ನು ಹೆದರಿಸುವುದೂ ಕಷ್ಟ, ಗುಂಪಿಗೆ ಎಳೆಯುವುದೂ ಕಷ್ಟ.