ಕೋವಿಗೆ ಹೊಸ ಹಿಡಿ ಹಾಕಿಸುವಾಗ

ಕನಕಪುರ, ಮಾಗಡಿ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಇರುವ ಹಳೇ ಕೋವಿಗಳು ಇನ್ನೂ ಇವೆ. ಬಾಯಿಯಿಂದ ಮದ್ದು ತುಂಬಿ ಗಜದಲ್ಲಿ ಗಿಡಿಯುವಂಥವು. ಕಬ್ಬಿಣದ ನಳಿಗೆ ಮೂರು ತಲೆಮಾರು ಬಂದರೂ ಮರದ ಹಿಡಿ ಬರೋದಿಲ್ಲ. ರಾಗಿ ಕಾಯುವ ಕಾಲದಲ್ಲಿ ರಾತ್ರಿಯೆಲ್ಲಾ ಇಬ್ಬನಿ, ಹಗಲು ಬಿಸಿಲು. ಹೀಗೆ ನೆಂದು ಒಣಗಿ ಒಂದು ದಿನ ಸೀಳುತ್ತೆ.

ಸೀಳುವುದು ಸಾಮಾನ್ಯವಾಗಿ ಕತ್ತಿನಲ್ಲೇ, ಅಂದರೆ ಟ್ರಿಗರ್ ಹಿಂದೆ ಕೈ ಹಿಡಿಯುವ ಸಣ್ಣ ಜಾಗದಲ್ಲಿ. ಕೆಲವರು ಅದಕ್ಕೆ ಬೈಂಡಿಂಗ್ ತಂತಿ ಸುತ್ತಿ, ಮೇಲೆ ಸೈಕಲ್ ಟ್ಯೂಬು ಬಿಗಿದು ಕಾಲ ತಳ್ಳುತ್ತಾರೆ. ಇದು ಬೇಡ. ಹೊಡೆದಾಗ ಕೋವಿ ಹಿಂದಕ್ಕೆ ಒದೆಯುವ ಭಾರವೆಲ್ಲಾ ಆ ಕತ್ತಿನ ಮೇಲೇ ಬೀಳೋದು. ಅಲ್ಲಿ ಮುರಿದರೆ ಮುಖದ ಪಕ್ಕದಲ್ಲೇ ಮುರಿದಂತೆ.

ಪಟ್ಟಣದಲ್ಲಿ ಸಿದ್ಧ ಹಿಡಿಗಳು, ಪ್ಲಾಸ್ಟಿಕ್ಕಿನವೂ ಸಿಗುತ್ತವೆ. ಅವು ರೈಫಲ್ಲಿಗೋ ಕಾರ್ಖಾನೆ ಕೋವಿಗೋ ಮಾಡಿದವು. ನಮ್ಮವು ಕೈಯಲ್ಲಿ ಮಾಡಿದವು, ಒಂದರ ಅಳತೆ ಇನ್ನೊಂದಕ್ಕೆ ಬರದು. ಮರದಲ್ಲೇ ಕೆತ್ತಿಸಬೇಕು.

ಯಾವ ಮರ? ದೊಡ್ಡ ಕಾರ್ಖಾನೆಗಳವರು ಅಕ್ರೋಟು ಮರ ಬಳಸುತ್ತಾರೆ. ಹಗುರ, ಒದೆತ ತಾಳುತ್ತೆ, ಒಣಗಿದ ಮೇಲೆ ಸೊಟ್ಟಗಾಗದು. ಅದು ನಮ್ಮಲ್ಲಿ ಬೆಳೆಯದು. ಬೀಟೆ ಗಟ್ಟಿ, ಆದರೆ ಭಾರ, ಕಡಿಯಲು ಅರಣ್ಯ ಇಲಾಖೆ ಅಪ್ಪಣೆಯೂ ಬೇಕು. ಚನ್ನಪಟ್ಟಣದ ಗೊಂಬೆಯವರ ಹಾಲೆ ಮರ ನುಣುಪಾಗಿ ಬರುತ್ತೆ ಅಂತ ಆಸೆಪಡಬೇಡಿ. ಅದು ಕಡೆಯುವ ಯಂತ್ರಕ್ಕೆ ಒಳ್ಳೇದು, ಒದೆತಕ್ಕಲ್ಲ. ನೇಗಿಲಿಗೆ ಒಗ್ಗುವ ಜಾಲಿಯೂ ಇದಕ್ಕೆ ತೂಕ ಜಾಸ್ತಿ. ನೀಲಗಿರಿ ಒಣಗುತ್ತಲೇ ಸೀಳುತ್ತೆ. ನನ್ನ ಮತ ಹಲಸಿಗೆ, ಅದೂ ಹಳೇ ಮನೆ ಬಿಚ್ಚಿದಾಗ ಸಿಕ್ಕಿದ ತೊಲೆಗೆ. ವರ್ಷಗಟ್ಟಲೆ ಸೂರಿನಡಿ ಒಣಗಿದ್ದು ಇನ್ನು ಕುಗ್ಗುವುದು ಕಡಿಮೆ. ಹುಳು, ಮೊಳೆ ತೂತು, ಗಂಟು ನೋಡಿಕೊಳ್ಳಿ.

ಮರದ ಜಾತಿಗಿಂತ ಎಳೆ ಮುಖ್ಯ. ಕತ್ತು ಬರುವ ಕಡೆ ಎಳೆ ಉದ್ದಕ್ಕೆ ಸಾಗಬೇಕು. ಅಡ್ಡ ಹಾಯ್ದರೆ ಎಂಥಾ ಮರವೂ ನಿಲ್ಲದು. ಗುದ್ದಲಿ ಕಾವು ಆರಿಸುವವರಿಗೆ ಇದು ಹೊಸ ಮಾತೇನಲ್ಲ.

ಉದ್ದ ಅಳೆಯುವುದು ಹೀಗೆ: ಮೊಣಕೈ ಮಡಿಸಿ, ಹಿಡಿಯ ಹಿಂಬದಿಯನ್ನು ಮಡಿಕೆಗೆ ಆನಿಸಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಮುಟ್ಟಬೇಕು. ಚಳಿಯಲ್ಲಿ ಕಂಬಳಿ ಹೊದ್ದು ಕಾಯುವವರು ಅರ್ಧ ಇಂಚು ಕಡಿಮೆ ಇಡಿಸಿ. ಅಳೆಯುವ ಮೊದಲು ಕೇಪು ತೆಗೆದು ನಳಿಗೆಗೆ ಗಜ ಇಳಿಸಿ, ಬಾಯಿಯ ಹತ್ತಿರ ಗುರುತು ಮಾಡಿ, ಹೊರಗೆ ನಳಿಗೆ ಪಕ್ಕ ಇಟ್ಟು ನೋಡಿ. ಗಜ ಕೇಪಿನ ತೊಟ್ಟಿನ ತನಕ ಬಾರದಿದ್ದರೆ ಒಳಗೆ ಮದ್ದು ಇದೆ ಅಂತಲೇ ತಿಳಿಯಿರಿ, ಅಳತೆ ಕೆಲಸ ಅಲ್ಲಿಗೇ ಬಿಡಿ.

ಊರ ಬಡಗಿ ಎಷ್ಟು ನಿಪುಣನಾದರೂ ಕೋವಿ ಅವನ ಕೈಗೆ ಕೊಡಬೇಡಿ. 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ತೊಲೆ ತುಂಡನ್ನು ನೀವೇ ಒಯ್ದು ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಕೆತ್ತಿಸಿ. ಕೋವಿ ಬಿಟ್ಟು ಬರುವಾಗ ನಳಿಗೆಯ ನಂಬರು ಬರೆಸಿ ರಸೀತಿ ತಗೊಳ್ಳಿ. ಚುನಾವಣೆ ಹತ್ತಿರವಿದ್ದರೆ ಮೊದಲು ಠಾಣೆಯಲ್ಲಿ ವಿಚಾರಿಸಿ. ಕೋವಿ ಒಪ್ಪಿಸಿ ಅಂತ ಹೇಳಿಕಳಿಸಿದಾಗ ಅದು ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿದ್ದರೆ ಓಡಾಟ ನಿಮ್ಮದೇ.

ಕೆತ್ತಿದ ಮೇಲೆ ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ ಒಣಗಿಸಿ, ಮತ್ತೆ ಉಜ್ಜಿ, ನಾಲ್ಕೈದು ಸಲ. ಹೊಂಗೆ ಎಣ್ಣೆ, ಹರಳೆಣ್ಣೆ ಒಣಗದೆ ಜಿಗುಟಾಗೇ ಉಳಿಯುತ್ತವೆ. ಕಬ್ಬಿಣ ಕೂರುವ ಒಳಗುಂಡಿಗೂ ಎಣ್ಣೆ ಹೋಗಲಿ, ನೀರು ಇಳಿಯೋದು ಅಲ್ಲೇ.